ಯಾವ ಪುಟದಿಂದ ವಾಟ್ಸಾಪ್ ಬಟನ್ ಒತ್ತುತ್ತಾರೆ? ಟ್ಯಾಗ್ ಮ್ಯಾನೇಜರ್ ಗೊತ್ತಿರುವವರು ಹೇಳಿ

ಶಿರಸಿ_ಮಿಡಿ:
ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮದೊಂದು ಮನೆ ಉದ್ಯಮ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಹಲಸಿನ ಹಪ್ಪಳ ಮಾರುತ್ತೇವೆ. ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ, ಕಾರ್ಟ್ ಇಲ್ಲ. ಪ್ರತಿ ಪುಟದಲ್ಲೂ ಹಸಿರು ವಾಟ್ಸಾಪ್ ಬಟನ್ ಇದೆ, ಆರ್ಡರ್ ಬರುವುದು ಅಲ್ಲೇ. ಯಾವ ಪುಟದಿಂದ ಜಾಸ್ತಿ ಜನ ಅದನ್ನು ಒತ್ತುತ್ತಾರೆ ಅಂತ ತಿಳಿದರೆ ಈ ಸೀಸನ್‌ಗೆ ಯಾವುದನ್ನು ಹೆಚ್ಚು ಮಾಡಬೇಕು ಅಂತ ಅಂದಾಜು ಸಿಗುತ್ತದೆ. ಗೂಗಲ್ ಟ್ಯಾಗ್ ಮ್ಯಾನೇಜರ್ (ಲೆಕ್ಕ ಇಡುವ ಕೋಡ್‌ಗಳನ್ನು ಒಂದೇ ಕಡೆಯಿಂದ ಸೈಟಿಗೆ ಹಾಕುವ ಸಾಧನ) ಹಾಕಿ ಅದರಲ್ಲಿ ಜಿಎ4, ಅಂದರೆ ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ 4ರ ಟ್ಯಾಗ್ ಇಟ್ಟಿದ್ದೇನೆ. ಅವತ್ತಿನಿಂದ ಪೇಜ್ ವ್ಯೂ ಎರಡರಷ್ಟು ತೋರಿಸುತ್ತಿದೆ. ಬಟನ್ ಕ್ಲಿಕ್ ಮಾತ್ರ ಒಮ್ಮೆ ಬಂದರೆ ಇನ್ನೊಮ್ಮೆ ಬರುವುದಿಲ್ಲ. ಏನು ನೋಡಬೇಕು?

ಕರಾವಳಿ_ಕೋಡ್:
ಮೊದಲು ಥೀಮ್‌ನ ಹೆಡರ್ ನೋಡಿ. ಸೈಟ್ ಮಾಡಿಕೊಟ್ಟವರು ಜಿಎ4 ಕೋಡನ್ನು ಅಲ್ಲೇ ಹಾಕಿರಬಹುದು. ಯಾವುದಾದರೂ ಪ್ಲಗಿನ್‌ನಲ್ಲೂ ಇರಬಹುದು.

ಟ್ಯಾಗ್_ಕೆಲಸ:
ಮೇಲಿನವರು ಹೇಳಿದ್ದು ಸರಿ. ಒಂದೇ ಮೆಷರ್‌ಮೆಂಟ್ ಐಡಿ (ಜಿಎ4 ನಿಮ್ಮ ಸೈಟಿಗೆ ಕೊಟ್ಟ ಗುರುತು) ಎರಡು ಕಡೆ ಇದ್ದರೆ ಒಂದು ಪುಟ ತೆರೆದರೂ ಎರಡು ಲೆಕ್ಕ ಹೋಗುತ್ತದೆ. ಹೆಡರ್‌ನಲ್ಲಿರುವುದನ್ನು ತೆಗೆಯಿರಿ, ಟ್ಯಾಗ್ ಮ್ಯಾನೇಜರ್‌ನಲ್ಲಿರುವುದು ಇರಲಿ. ಆಮೇಲೆ ಕ್ಯಾಶ್ ಪ್ಲಗಿನ್ (ಪುಟಗಳ ನಕಲು ಉಳಿಸಿಟ್ಟು ಕೊಡುವಂಥದ್ದು) ಇದ್ದರೆ ಅದರ ಕ್ಯಾಶ್ ಖಾಲಿ ಮಾಡಿ. ಇಲ್ಲದಿದ್ದರೆ ಹಳೇ ಪುಟವೇ ಜನರಿಗೆ ಹೋಗುತ್ತಿರುತ್ತದೆ.

ಇನ್ನು ಬಟನ್. ನೀವು ಟ್ರಿಗರ್‌ನಲ್ಲಿ, ಅಂದರೆ ಟ್ಯಾಗ್ ಯಾವಾಗ ಓಡಬೇಕು ಅಂತ ಹೇಳುವ ಜಾಗದಲ್ಲಿ, 'ಆಲ್ ಎಲಿಮೆಂಟ್ಸ್' ಆರಿಸಿದ್ದೀರಿ ಅನಿಸುತ್ತದೆ. ಹಸಿರು ಬಟನ್ ಒಳಗೆ ಫೋನಿನ ಚಿತ್ರ ಇದೆ, ಅಲ್ವಾ? ಬೆರಳು ಚಿತ್ರದ ಮೇಲೆ ಬಿದ್ದರೆ ಕ್ಲಿಕ್ ಆಗುವುದು ಚಿತ್ರಕ್ಕೆ. ಅದಕ್ಕೆ ಲಿಂಕ್ ಇಲ್ಲ, ಹಾಗಾಗಿ ಕ್ಲಿಕ್ ಯುಆರ್‌ಎಲ್‌ನಲ್ಲಿ (ಒತ್ತಿದ ಲಿಂಕಿನ ವಿಳಾಸ) ವಾಟ್ಸಾಪ್ ವಿಳಾಸ ಬರುವುದಿಲ್ಲ, ಟ್ರಿಗರ್ ಸುಮ್ಮನಿರುತ್ತದೆ. ಪಕ್ಕದ ಅಕ್ಷರದ ಮೇಲೆ ಬಿದ್ದರೆ ಮಾತ್ರ ಲೆಕ್ಕ. 'ಜಸ್ಟ್ ಲಿಂಕ್ಸ್' ಅಂತ ಬದಲಿಸಿ. ಅದು ಚಿತ್ರವನ್ನು ಸುತ್ತಿಕೊಂಡಿರುವ ಲಿಂಕನ್ನು ತಾನೇ ಹುಡುಕಿಕೊಳ್ಳುತ್ತದೆ. ಕ್ಲಿಕ್ ಯುಆರ್‌ಎಲ್‌ನಲ್ಲಿ ವಾಟ್ಸಾಪ್ ವಿಳಾಸ ಇರಬೇಕು ಅಂತ ಷರತ್ತು ಹಾಕಿ. ಕ್ಲಿಕ್ ಯುಆರ್‌ಎಲ್ ಅನ್ನುವ ಆ ವೇರಿಯಬಲ್ ಮೊದಲೇ ಆನ್ ಇರುವುದಿಲ್ಲ, ವೇರಿಯಬಲ್ಸ್ ಪುಟಕ್ಕೆ ಹೋಗಿ ಟಿಕ್ ಮಾಡಬೇಕು.

ಟ್ಯಾಗ್ ಮ್ಯಾನೇಜರ್‌ನ ಪ್ರಿವ್ಯೂ ತೆರೆದು ನೀವೇ ಬಟನ್ ಒತ್ತಿ. ಟ್ಯಾಗ್ 'ಫೈರ್ಡ್' ಪಟ್ಟಿಗೆ ಬಂದ ಮೇಲೆ ಸಬ್ಮಿಟ್ ಮಾಡಿ, ಪಬ್ಲಿಷ್ ಆಗದೆ ಜನರ ಕ್ಲಿಕ್ ಬರುವುದಿಲ್ಲ. ಆ್ಯಡ್ ಬ್ಲಾಕರ್ ಇರುವ ಬ್ರೌಸರ್‌ನಲ್ಲಿ ಪರೀಕ್ಷೆ ಬೇಡ, ಅದು ಟ್ಯಾಗನ್ನೇ ತಡೆಯಬಹುದು. ಜಿಎ4ನ ರಿಯಲ್‌ಟೈಮ್ ವರದಿಯಲ್ಲಿ ಕೊನೆಯ 30 ನಿಮಿಷದ್ದು ಕಾಣುತ್ತದೆ. ಉಳಿದ ವರದಿಗೆ 24ರಿಂದ 48 ಗಂಟೆ ಹಿಡಿಯಬಹುದು, ಅಲ್ಲಿವರೆಗೆ ಏನೂ ಬದಲಿಸಬೇಡಿ.

ಶಿರಸಿ_ಮಿಡಿ:
ಹೆಡರ್‌ನಲ್ಲಿ ಕೋಡ್ ಇತ್ತು, ತೆಗೆದೆ. 'ಜಸ್ಟ್ ಲಿಂಕ್ಸ್' ಹಾಕಿದ ಮೇಲೆ ಪ್ರಿವ್ಯೂನಲ್ಲಿ ಚಿತ್ರ ಒತ್ತಿದರೂ ಬರುತ್ತಿದೆ. ತುಂಬಾ ಥ್ಯಾಂಕ್ಸ್. ಪುಟದ ವಿಳಾಸ ಕನ್ನಡದಲ್ಲಿರುವುದರಿಂದ ವರದಿಯಲ್ಲಿ ಶೇಕಡಾ ಚಿಹ್ನೆಗಳ ಸಾಲು ಕಾಣುತ್ತಿದೆ. ಇನ್ನೊಂದು, ಕ್ಲಿಕ್ ಮಾಡಿದವರ ಫೋನ್ ನಂಬರ್ ಜಿಎ4ಗೆ ಹೋಗುವಂತೆ ಮಾಡಬಹುದಾ?

ಟ್ಯಾಗ್_ಕೆಲಸ:
ವರದಿಯಲ್ಲಿ ವಿಳಾಸದ ಬದಲು ಪೇಜ್ ಟೈಟಲ್ ಆರಿಸಿ, ಕನ್ನಡ ಹಾಗೇ ಓದಬಹುದು.

ನಂಬರ್ ಬೇಡವೇ ಬೇಡ. ಬಟನ್ ಒತ್ತಿದ ಮಾತ್ರಕ್ಕೆ ಅವರ ನಂಬರ್ ನಿಮ್ಮ ಸೈಟಿಗೆ ಸಿಗುವುದೂ ಇಲ್ಲ. ಫಾರ್ಮ್ ಇಟ್ಟು ಕೇಳಿದರೂ ಅದನ್ನು ಅನಾಲಿಟಿಕ್ಸ್‌ಗೆ ಕಳಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದಿದೆ. ಅದಕ್ಕಿಂತ ಹೆಚ್ಚಾಗಿ, ಉಪ್ಪಿನಕಾಯಿ ಕೇಳಲು ಬಂದವರ ನಂಬಿಕೆ ಅದು. ಅದನ್ನು ಕೆಡಿಸಿಕೊಳ್ಳಬಾರದು.

ನಿಮಗೆ ಬೇಕಾದದ್ದು ಬೇರೆ ದಾರಿಯಲ್ಲಿ ಸಿಗುತ್ತದೆ. ವಾಟ್ಸಾಪ್ ಲಿಂಕ್ ಕೊನೆಗೆ ಟೆಕ್ಸ್ಟ್ ಸೇರಿಸಬಹುದು. ಬಟನ್ ಒತ್ತಿದ ತಕ್ಷಣ 'ಅಪ್ಪೆಮಿಡಿ ಅರ್ಧ ಕೆಜಿ ಬೇಕಿತ್ತು' ಅಂತ ಮೆಸೇಜ್ ಮೊದಲೇ ಬರೆದಿರುತ್ತದೆ, ಅವರು ಕಳಿಸಿದರೆ ಸಾಕು. ಪ್ರತಿ ಪುಟಕ್ಕೂ ಬೇರೆ ಮಾತು ಇಡಿ. ಆಗ ಜಿಎ4ನಲ್ಲಿ ಕ್ಲಿಕ್ ಎಷ್ಟು, ಫೋನಿಗೆ ಬಂದ ಮೆಸೇಜ್ ಎಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡಬಹುದು. ಹಪ್ಪಳದ ಪುಟದಲ್ಲಿ ಕ್ಲಿಕ್ ಜಾಸ್ತಿ ಇದ್ದು ಮೆಸೇಜ್ ಕಡಿಮೆ ಬಂದರೆ, ಆ ಪುಟದಲ್ಲಿ ಬೆಲೆ, ಕೊರಿಯರ್ ಖರ್ಚು ಬರೆದಿದೆಯಾ ಅಂತ ನೋಡಿ.