ಮೋಲಿ ಮೀನಿನ ತುಟಿಯ ಸುತ್ತ ಬಿಳಿ ಹತ್ತಿ: ಉಪ್ಪೋ, ಶಾಖವೋ, ಔಷಧವೋ? ಅನುಭವವಿದ್ದವರು ತಿಳಿಸಿ

ಎರಡಡಿ ತೊಟ್ಟಿ, ಮೈಸೂರು:
ನಮ್ಮ ಮನೆಯಲ್ಲಿ ಸುಮಾರು 54 ಲೀಟರ್ ಹಿಡಿಯುವ ಎರಡು ಅಡಿಯ ತೊಟ್ಟಿಯನ್ನು ಇಟ್ಟು ಇಂದಿಗೆ 22 ದಿನಗಳಾದವು. ಆರು ಕಪ್ಪು ಮೋಲಿ, ಎರಡು ಏಂಜೆಲ್ ಮತ್ತು ಮೂರು ಕೋರಿಡೋರಸ್ ಮೀನುಗಳು ಇದ್ದವು. ನಾಲ್ಕು ದಿನಗಳಿಂದ ಎರಡು ಮೋಲಿಗಳ ತುಟಿಯ ಸುತ್ತ ಬೂದುಬಿಳಿ ಹತ್ತಿಯಂಥದ್ದು ಅಂಟಿಕೊಂಡಿದೆ. ಇನ್ನೊಂದರ ಬೆನ್ನಿನ ಮೇಲೆ ಕುದುರೆಗೆ ಜೀನು ಹಾಕಿದಂತೆ ಬಣ್ಣ ಮಾಸಿದೆ. ಎಲ್ಲವೂ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ನಿಲ್ಲುತ್ತವೆ. ಅಂಗಡಿಯವರು ಇದು ಬೂಷ್ಟು ಎಂದು ಹೇಳಿ ನೀಲಿ ಔಷಧವನ್ನು ಕೊಟ್ಟರು. ಎರಡು ದಿನ ಹಾಕಿದೆ, ನಿನ್ನೆ ಒಂದು ಮೋಲಿ ಸತ್ತಿತು. ನೀರಿನ ಉಷ್ಣತೆ 27 ಡಿಗ್ರಿ ಇದೆ. ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ಅಮೋನಿಯವನ್ನು ಅಳೆದಿಲ್ಲ. ಉಪ್ಪು ಹಾಕಲೇ, ಹೀಟರ್ ಏರಿಸಲೇ, ಔಷಧವನ್ನೇ ಮುಂದುವರಿಸಲೇ?

ಕಲ್ಲುಪ್ಪು, ದಾವಣಗೆರೆ:
ಅಂಗಡಿಯ ಬಾಟಲಿಯನ್ನು ಮೊದಲು ಮೋರಿಗೆ ಸುರಿಯಿರಿ. 2019ರ ಡಿಸೆಂಬರಿನಲ್ಲಿ ನನ್ನ 180 ಲೀಟರ್ ತೊಟ್ಟಿಯ ಐದು ಕ್ಲೌನ್ ಲೋಚ್‌ಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿಚುಕ್ಕೆ ರೋಗ ಬಂದಿತ್ತು. ಲೋಚ್‌ಗಳಿಗೆ ಔಷಧ ಒಗ್ಗುವುದು ಕಷ್ಟವೆಂದು ತಿಳಿದಿದ್ದರಿಂದ ನಾನು ಶಾಖ ಮತ್ತು ಉಪ್ಪನ್ನು ಮಾತ್ರ ನಂಬಿದೆ. ದಿನಕ್ಕೆ ಒಂದೇ ಡಿಗ್ರಿಯಂತೆ 26ರಿಂದ 30ಕ್ಕೆ ಏರಿಸಿದೆ. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಒಟ್ಟು 360 ಗ್ರಾಂ ಕಲ್ಲುಪ್ಪನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟೆ. ಚರ್ಮದೊಳಗೆ ಕೂತ ಬಿಳಿಚುಕ್ಕೆಯ ಪರಾವಲಂಬಿಯನ್ನು ಯಾವ ಔಷಧವೂ ಮುಟ್ಟುವುದಿಲ್ಲ. ಅದು ಕಳಚಿ ತಳಕ್ಕೆ ಬಿದ್ದು, ಒಡೆದು ನೂರಾರು ಮರಿಗಳಾಗಿ ಈಜಲು ಹೊರಟಾಗ ಮಾತ್ರ ಅದನ್ನು ಕೊಲ್ಲಬಹುದು, ಶಾಖವು ಆ ಘಳಿಗೆಯನ್ನು ಬೇಗ ತರುತ್ತದೆ. ಐದನೆಯ ದಿನ ಚುಕ್ಕೆಗಳು ಮಾಯವಾದವು, ಆದರೂ ಹದಿನಾಲ್ಕು ದಿನ ಬಿಡದೆ ನಡೆಸಿದೆ. ಮೊದಲು ತಂದ 450 ರೂಪಾಯಿಯ ಹೀಟರಿನ ಥರ್ಮೋಸ್ಟಾಟ್ ಒಂದು ರಾತ್ರಿ ಕಚ್ಚಿಕೊಂಡು ನೀರು 34 ಡಿಗ್ರಿಗೆ ಹೋಗಿತ್ತು. ಆ ರಾತ್ರಿ ಎರಡು ಲೋಚ್ ಹೋದವು. ಮರುದಿನವೇ 1,150 ರೂಪಾಯಿ ಕೊಟ್ಟು ಬೇರೆ ಹೀಟರ್ ತಂದೆ. ಉಳಿದ ಮೂರು ಇಂದಿಗೂ ಇವೆ, ಒಂದೊಂದೂ ನನ್ನ ಅಂಗೈಗಿಂತ ಉದ್ದವಾಗಿವೆ. ಔಷಧದ ಒಂದು ಹನಿಯನ್ನೂ ಹಾಕಲಿಲ್ಲ ಎಂಬುದನ್ನು ಗಮನಿಸಬೇಕು.

ಡಿಸ್ಕಸ್ ಬಿಟ್ಟವಳು, ಬೆಂಗಳೂರು:
ಇಂಥದ್ದೇ ಮಾತನ್ನು ನಂಬಿ ನಾನು ಕೆಟ್ಟೆ. ತಲಾ 1,600 ರೂಪಾಯಿಯಂತೆ ಒಂಬತ್ತು ಡಿಸ್ಕಸ್, ಅಂದರೆ 14,400 ರೂಪಾಯಿ. ಅದನ್ನು ಮನೆಯಲ್ಲಿ ಒಂಬತ್ತು ಸಾವಿರವೆಂದು ಹೇಳಿದ್ದೆ. ಎರಡು ಮೀನುಗಳ ಬಾಯಿಯ ಮೇಲೆ ಹತ್ತಿ ಕಂಡಾಗ ಅನುಭವಿಗಳೊಬ್ಬರು "ಡಿಸ್ಕಸ್ಸಿಗೆ ಶಾಖ ಒಗ್ಗುತ್ತದೆ, 31ಕ್ಕೆ ಏರಿಸಿ, ಎಲ್ಲವೂ ಸುಟ್ಟುಹೋಗುತ್ತದೆ" ಎಂದರು. ಸುಟ್ಟುಹೋಗಿದ್ದು ನನ್ನ ಮೀನುಗಳು. ಏರಿಸಿದ ನಲವತ್ತೆಂಟು ಗಂಟೆಗಳೊಳಗೆ ಏಳು ಸತ್ತವು. ಕೊನೆಯ ಎರಡನ್ನು ನೋಡಿಕೊಳ್ಳಲು ಕೆಲಸಕ್ಕೆ ರಜೆ ಹಾಕಿದೆ, ಅವೂ ಆ ಶುಕ್ರವಾರ ಹೋದವು. ಅದು ಬೂಷ್ಟಾಗಿರಲಿಲ್ಲ, ಬಿಳಿಚುಕ್ಕೆಯೂ ಆಗಿರಲಿಲ್ಲ. ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯ, ಬೆಚ್ಚಗಾದಷ್ಟೂ ಅದರ ಆರ್ಭಟ ಹೆಚ್ಚು. ಬಿಳಿಚುಕ್ಕೆಯ ಕತೆಯನ್ನು ಹತ್ತಿಯ ಪ್ರಶ್ನೆಗೆ ಉತ್ತರವಾಗಿ ಬರೆಯುವವರು ತಮ್ಮ ಮೂರು ಲೋಚ್‌ಗಳ ಉದ್ದವನ್ನು ಅಳೆಯುವುದಕ್ಕೆ ಮುಂಚೆ ಪ್ರಶ್ನೆಯನ್ನು ಒಮ್ಮೆ ಓದಬೇಕಿತ್ತು. ಆ ತೊಟ್ಟಿಯಲ್ಲಿ ಈಗ ಮನಿಪ್ಲಾಂಟ್ ಇದೆ.

ಕಲ್ಲುಪ್ಪು, ದಾವಣಗೆರೆ:
ನಾನು ಯಾರಿಗೂ 31 ಎಂದು ಹೇಳಿಲ್ಲ. ನಿಮ್ಮ ಮೀನು ಸತ್ತಿದ್ದಕ್ಕೆ ಯಾರೋ ಹೇಳಿದ ಮಾತು ಕಾರಣ, ನನ್ನ ಉಪ್ಪಲ್ಲ. ನೀರಿಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಎಷ್ಟು ಇಟ್ಟಿದ್ದಿರಿ ಎಂಬುದನ್ನು ನೀವು ಬರೆದಿಲ್ಲ.

ಡಿಸ್ಕಸ್ ಬಿಟ್ಟವಳು, ಬೆಂಗಳೂರು:
ಎರಡು. ಅವು ಈಗಲೂ ಅಟ್ಟದ ಮೇಲೆ ಇವೆ, ಬೇಕಿದ್ದರೆ ಕಳುಹಿಸಿಕೊಡುತ್ತೇನೆ.

ಕೊಡಿಯಾಲ, ಮಂಗಳೂರು:
ನಾನು ಮೀನುಗಾರಿಕೆ ಓದಿದವನು, ಆದ್ದರಿಂದ ಇಬ್ಬರ ಮಾತನ್ನೂ ಸ್ವಲ್ಪ ತಿದ್ದುತ್ತೇನೆ. ನಿಜವಾದ ಬೂಷ್ಟು ಸಾಮಾನ್ಯವಾಗಿ ಗಾಯದ ಮೇಲೆ ಅಥವಾ ಸತ್ತ ಮೊಟ್ಟೆಯ ಮೇಲೆ ಬೆಳೆಯುತ್ತದೆ, ಅದರ ಎಳೆಗಳು ನೀರಿನಲ್ಲಿ ಉದ್ದವಾಗಿ ತೂಗಾಡುತ್ತವೆ. ತುಟಿಗೆ ಗಿಡ್ಡವಾಗಿ ಅಂಟಿಕೊಂಡು, ಬೆನ್ನಿನ ಮೇಲೆ ಜೀನಿನ ಗುರುತು ಮೂಡಿಸುವುದು ಕಾಲಮ್ನಾರಿಸ್. ಇದನ್ನು 1922ರಲ್ಲಿ ಮಿಸಿಸಿಪ್ಪಿ ನದಿಯ ಮೀನುಗಳಲ್ಲಿ ಮೊದಲು ವಿವರಿಸಿದರು. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಗಳು ಕಂಬಗಳಂತೆ ಒಟ್ಟುಗೂಡಿ ನಿಲ್ಲುವುದರಿಂದ ಆ ಹೆಸರು ಬಂತು. ಶಾಖ ಏರಿದರೆ ರೋಗಾಣುವಿಗೆ ಅನುಕೂಲವಾಗುವುದಷ್ಟೇ ಅಲ್ಲ, ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆಯಾಗುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಇದ್ದದ್ದು 30ರಲ್ಲಿ 7.5ಕ್ಕೆ ಇಳಿಯುತ್ತದೆ.

ಓದುವಾಗ ನಾನೂ ಮೂರ್ಖತನ ಮಾಡಿದ್ದೇನೆ. ಹಾಸ್ಟೆಲಿನ ಕೋಣೆಯ ತೊಟ್ಟಿಯಲ್ಲಿ ಗೌರಾಮಿಗಳ ರೆಕ್ಕೆ ಕೊಳೆಯತೊಡಗಿದಾಗ ಮನುಷ್ಯರಿಗೆ ಕೊಡುವ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲುಗಳನ್ನು ಒಡೆದು ನೀರಿಗೆ ಹಾಕಿದೆ. ಮೊದಲ ದಿನ ಎಂಟು, ಮರುದಿನ ಎಂಟು, ಮೂರನೆಯ ದಿನ ಕೈಯಲ್ಲಿ ಹಣವಿಲ್ಲದೆ ಗೆಳೆಯನಿಂದ ಸಾಲ ಪಡೆದು ಆರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಆ ಔಷಧವನ್ನು ಕಟ್ಟಿಹಾಕುತ್ತವೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ, ತೊಟ್ಟಿಯ ಮುಂದೆ ಮಾತ್ರ ಅದು ನೆನಪಾಗಲಿಲ್ಲ. ನೀರು ಕಾಫಿಯ ಬಣ್ಣಕ್ಕೆ ತಿರುಗಿ ನೊರೆ ಕಟ್ಟಿತು. ಅದಕ್ಕಿಂತ ಹಾಸ್ಯಾಸ್ಪದವೆಂದರೆ, ಫಿಲ್ಟರಿನೊಳಗಿನ ಇದ್ದಿಲನ್ನು ತೆಗೆಯುವುದನ್ನೇ ಮರೆತಿದ್ದೆ. ಉಳಿದ ಔಷಧವನ್ನು ಅದು ಹೀರಿಕೊಳ್ಳುತ್ತಿತ್ತು. ಗೌರಾಮಿಗಳು ಉಳಿಯಲಿಲ್ಲ. ಇಂಥ ರೋಗಕ್ಕೆ ಪ್ರತಿಜೀವಕವನ್ನು ಪಶುವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಆಹಾರಕ್ಕೆ ಬೆರೆಸಿ ಕೊಡುವುದು ಸರಿಯಾದ ದಾರಿ, ಅದೂ ಮೀನು ತಿನ್ನುತ್ತಿರುವಾಗ. ತಿನ್ನುವುದನ್ನು ನಿಲ್ಲಿಸಿದ ಮೇಲೆ ಎಲ್ಲರೂ ಬಾಟಲಿ ಹುಡುಕುತ್ತಾರೆ.

ಬೋರ್‌ವೆಲ್, ತುಮಕೂರು:
ಕಂಬ, ಜೀನು, ಮಿಸಿಸಿಪ್ಪಿ ಎಲ್ಲವೂ ಸರಿ. ಆದರೆ ತೊಟ್ಟಿಗೆ 22 ದಿನ, ಅಮೋನಿಯ ಅಳೆದಿಲ್ಲ ಎಂದು ಬರೆದಿರುವುದು ಇಲ್ಲಿ ಯಾರಿಗೂ ಕಾಣಿಸಲಿಲ್ಲವೇ? ನಾನು ಹನ್ನೊಂದು ವಾರ ಇಲ್ಲದ ರೋಗಕ್ಕೆ ಔಷಧ ಹಾಕಿದವನು. ಗೋಲ್ಡ್‌ಫಿಶ್‌ಗಳ ಕಿವಿರು ಕೆಂಪಗಾಗುತ್ತಿತ್ತು, ಈಜುರೆಕ್ಕೆ ಮಡಚಿಕೊಳ್ಳುತ್ತಿತ್ತು. ಹುಳುವಿನ ಔಷಧ 220 ರೂಪಾಯಿ, ಬೂಷ್ಟಿನದು 180, ಮ್ಯಾಲಕೈಟ್ ಗ್ರೀನ್ ಬೆರೆತದ್ದು 260, ಪೊಟ್ಯಾಸಿಯಂ ಪರ್ಮಾಂಗನೇಟ್ 40, ಮತ್ತೆ ಹುಳುವಿನದೇ ದೊಡ್ಡ ಬಾಟಲಿ 390. ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಒಟ್ಟು 1,090. ನಂತರ ಪಕ್ಕದ ಬೀದಿಯ ಹುಡುಗನೊಬ್ಬ ಹನಿ ಹಾಕುವ ಟೆಸ್ಟ್ ಕಿಟ್ ತಂದು ತೋರಿಸಿದ: ನಳಿಕೆ ಗಾಢ ಹಸಿರು, ಅಂದರೆ ಅಮೋನಿಯ ವಿಪರೀತ. ನಮ್ಮ ಬೋರ್‌ವೆಲ್ ನೀರಿನ ಪಿಎಚ್ 8.2. ಪಿಎಚ್ 7ರಲ್ಲಿ ಅಮೋನಿಯದ ನೂರರಲ್ಲಿ ಅರ್ಧ ಭಾಗದಷ್ಟು ಮಾತ್ರ ವಿಷರೂಪದಲ್ಲಿರುತ್ತದೆ, 8ರಲ್ಲಿ ಅದು ಐದು ಭಾಗವನ್ನು ದಾಟುತ್ತದೆ. ಪ್ರತಿ ಭಾನುವಾರ ನಾನೇ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಹಿಂಡಿ, ಬಿಸಿಲಿಗೆ ಹಾಕಿ ಬೆಳ್ಳಗೆ ಮಾಡುತ್ತಿದ್ದೆ. ಅಮೋನಿಯವನ್ನು ತಿನ್ನುವ ಬ್ಯಾಕ್ಟೀರಿಯವನ್ನು ಪ್ರತಿ ವಾರ ಕೈಯಾರೆ ಕೊಂದು, ಮಿಕ್ಕ ಆರು ದಿನ ಬಾಟಲಿ ಕೊಳ್ಳುತ್ತಿದ್ದೆ. ಈ ಪ್ರಶ್ನೆ ಕೇಳಿದವರು ನೀಲಿ ಔಷಧವನ್ನು ತೊಟ್ಟಿಗೇ ಸುರಿದಿದ್ದಾರೆ; ಅದು ಮೆಥಿಲೀನ್ ಬ್ಲೂ ಆಗಿದ್ದರೆ, 22 ದಿನದಲ್ಲಿ ಇನ್ನೂ ಪೂರ್ತಿ ನೆಲೆಯೂರದ ಆ ಬ್ಯಾಕ್ಟೀರಿಯದ ಗತಿಯೂ ಅದೇ.

ಕೊಡಿಯಾಲ, ಮಂಗಳೂರು:
ಅಮೋನಿಯ ಕಾರಣ ಎಂಬುದಕ್ಕೂ ಕಾಲಮ್ನಾರಿಸ್ ರೋಗ ಎಂಬುದಕ್ಕೂ ವಿರೋಧವಿಲ್ಲ. ನೀರು ಕೆಟ್ಟಾಗಲೇ ಅದು ಮೇಲೇಳುತ್ತದೆ. ಇದನ್ನು ಹೇಳಲು ನೋಟ್‌ಬುಕ್ ಬೇಕಿರಲಿಲ್ಲ.

ಬೋರ್‌ವೆಲ್, ತುಮಕೂರು:
ಕಾಲೇಜು ಬೇಕಿತ್ತೇನೋ. ಅದೂ ಆರು ಕ್ಯಾಪ್ಸೂಲಿಗೆ ಸಾಲ ಮಾಡುವಷ್ಟು.

ಗುಪ್ಪಿ ಅಜ್ಜ, ಶಿವಮೊಗ್ಗ:
ಜಗಳವನ್ನು ಸ್ವಲ್ಪ ನಿಲ್ಲಿಸಿ. ನಾನು 1994ರಿಂದ ಗುಪ್ಪಿಗಳನ್ನು ಸಾಕುತ್ತಿದ್ದೇನೆ, ಹೊಸ ಮೀನನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಡದೆ ಹಳೆಯವುಗಳ ಜೊತೆ ಬಿಡುವುದಿಲ್ಲ. ಈ ನಿಯಮವನ್ನು ಒಮ್ಮೆ ಮುರಿದೆ. ಮೊಮ್ಮಗಳು ಆಸೆಪಟ್ಟಳೆಂದು ಮೂವತ್ತು ರೂಪಾಯಿಯ ಕೆಂಪು ಬಾಲದ ಗಂಡು ಗುಪ್ಪಿಯೊಂದನ್ನು ತಂದ ದಿನವೇ ಬಿಟ್ಟೆ. ಐದು ವಾರಗಳ ಮೇಲೆ ಹೆಣ್ಣುಗಳ ಗುದದ್ವಾರದಿಂದ ಕೆಂಪು ದಾರದ ತುದಿಗಳು ಇಣುಕತೊಡಗಿದವು. ಮೀನು ಅಲುಗಾಡದೆ ನಿಂತಾಗ ಹೊರಗೆ ಬರುತ್ತಿದ್ದವು, ಸರಿದೊಡನೆ ಒಳಗೆ ಹೋಗುತ್ತಿದ್ದವು. ಕ್ಯಾಮಲಾನಸ್ ಹುಳು. ದನಗಳ ಜಂತುಹುಳುವಿಗೆ ಕೊಡುವ ಲೆವಮಿಸೋಲ್ ಅದಕ್ಕೆ ಮದ್ದು ಎಂದು ತಿಳಿಯುವ ಹೊತ್ತಿಗೆ ಹನ್ನೆರಡು ವರ್ಷ ಕಾಪಾಡಿಕೊಂಡು ಬಂದ ನೀಲಿ ತಳಿಯಲ್ಲಿ ನಾಲ್ಕು ಹೆಣ್ಣುಗಳು ಮಾತ್ರ ಉಳಿದಿದ್ದವು. ಔಷಧ ಹಾಕಿದ ಮರುದಿನ ತಳದಲ್ಲಿ ಬಿದ್ದ ಹುಳುಗಳನ್ನು ಪೈಪಿನಿಂದ ಎಳೆದೆ, ಮೂರು ವಾರಗಳ ನಂತರ ಮತ್ತೊಮ್ಮೆ ಅದನ್ನೇ ಮಾಡಿದೆ. ಆ ನಾಲ್ಕರ ಮರಿಗಳಲ್ಲಿ ಅಷ್ಟು ಒಳ್ಳೆಯ ನೀಲಿ ಮತ್ತೆ ಬರಲಿಲ್ಲ. ಮೊಮ್ಮಗಳಿಗೆ ಈ ವಿಷಯವನ್ನು ಹೇಳಿಲ್ಲ.

ಕಲ್ಲುಪ್ಪು, ದಾವಣಗೆರೆ:
ಅಜ್ಜನವರ ಹುಳುವಿಗೂ ಈ ಪ್ರಶ್ನೆಗೂ ಸಂಬಂಧ ಏನೆಂದು ಯಾರೂ ಕೇಳುತ್ತಿಲ್ಲ, ನನ್ನನ್ನು ಮಾತ್ರ ಕೇಳುತ್ತೀರಿ. ಇರಲಿ. ಕಾಲಮ್ನಾರಿಸ್‌ಗೂ ಆರಂಭದಲ್ಲಿ ಉಪ್ಪು ಸ್ವಲ್ಪ ತಡೆ ಒಡ್ಡುತ್ತದೆ, ಮೋಲಿಗೆ ಉಪ್ಪುನೀರು ಇಷ್ಟವೂ ಹೌದು. ಆದರೆ ಅಯೋಡಿನ್ ಇರುವ ಪುಡಿ ಉಪ್ಪನ್ನು ಹಾಕಬೇಡಿ, ಅದು ಮೀನಿಗೆ ವಿಷ.

ಕೊಡಿಯಾಲ, ಮಂಗಳೂರು:
ವಿಷವಲ್ಲ. ಲೀಟರಿಗೆ 2 ಗ್ರಾಂ ಉಪ್ಪಿನೊಂದಿಗೆ ಹೋಗುವ ಅಯೋಡಿನ್ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಈ ನಂಬಿಕೆಯನ್ನು ಇನ್ನಾದರೂ ಬಿಡಬೇಕು. ಯೋಚಿಸಬೇಕಾದದ್ದು ತಳದಲ್ಲಿರುವ ಕೋರಿಡೋರಸ್‌ಗಳ ಬಗ್ಗೆ, ಅವಕ್ಕೆ ಉಪ್ಪು ಹಿಡಿಸುವುದಿಲ್ಲ.

ಕಲ್ಲುಪ್ಪು, ದಾವಣಗೆರೆ:
ಹದಿನಾಲ್ಕು ವರ್ಷಗಳಿಂದ ಕಲ್ಲುಪ್ಪನ್ನೇ ಬಳಸಿದ್ದೇನೆ, ಅದನ್ನು ಬಿಡಲು ನನಗೆ ಕಾರಣ ಕಾಣುತ್ತಿಲ್ಲ.

ಡಿಸ್ಕಸ್ ಬಿಟ್ಟವಳು, ಬೆಂಗಳೂರು:
ಪುಡಿ ಉಪ್ಪನ್ನು ಒಮ್ಮೆಯೂ ಹಾಕದೆ ಅದು ವಿಷ ಎಂದು ಹೇಗೆ ತಿಳಿಯಿತು?

ಎರಡಡಿ ತೊಟ್ಟಿ, ಮೈಸೂರು:
ಎಲ್ಲರಿಗೂ ವಂದನೆಗಳು. ನಿನ್ನೆ 480 ರೂಪಾಯಿ ಕೊಟ್ಟು ಟೆಸ್ಟ್ ಕಿಟ್ ತಂದೆ. ಅಮೋನಿಯ ಲೀಟರಿಗೆ 1 ಮತ್ತು 2 ಮಿಲಿಗ್ರಾಂ ನಡುವೆ ಬಂತು. ಕ್ಲೋರಿನ್ ಹೋಗುವಂತೆ ಹಿಂದಿನ ದಿನವೇ ಹಿಡಿದಿಟ್ಟಿದ್ದ ನೀರಿನಿಂದ ಅರ್ಧದಷ್ಟನ್ನು ಬದಲಿಸಿದೆ, ಇಂದು ಮತ್ತೆ ಕಾಲು ಭಾಗವನ್ನು ಬದಲಿಸಿದೆ. ಹೀಟರನ್ನು ಆರಿಸಿದ್ದೇನೆ, ನೀರು 24ಕ್ಕೆ ಬಂದಿದೆ, ಏರ್ ಸ್ಟೋನ್ ಒಂದನ್ನು ಹೆಚ್ಚಿಗೆ ಇಟ್ಟಿದ್ದೇನೆ. ಹತ್ತಿ ಇರುವ ಮೋಲಿಗಳನ್ನು ಇಪ್ಪತ್ತು ಲೀಟರಿನ ಬಕೆಟ್ಟಿಗೆ ಬೇರ್ಪಡಿಸಿ ಅಲ್ಲಿಗೆ ಮಾತ್ರ ಉಪ್ಪು ಹಾಕಿದೆ. ರಾತ್ರಿ ಅವುಗಳಲ್ಲಿ ಒಂದು ಸತ್ತಿತು. ತೊಟ್ಟಿಯಲ್ಲಿರುವ ಮೀನುಗಳು ಈಗ ಮೇಲಕ್ಕೆ ಬರುವುದನ್ನು ನಿಲ್ಲಿಸಿವೆ, ಏಂಜೆಲ್‌ಗಳು ಆಹಾರ ತಿಂದವು. ಬಕೆಟ್ಟಿನಲ್ಲಿ ಉಳಿದಿರುವ ಮೋಲಿಯು ತಿನ್ನುತ್ತಿಲ್ಲ. ಅದಕ್ಕೆ ಇನ್ನೆಷ್ಟು ದಿನ ಕಾಯಬೇಕು?

ಬೋರ್‌ವೆಲ್, ತುಮಕೂರು:
ಬಕೆಟ್ಟಿನ ಅಮೋನಿಯವನ್ನು ಅಳೆದಿರಾ? ಅಲ್ಲಿ ಫಿಲ್ಟರ್ ಇಲ್ಲ.

ಕಲ್ಲುಪ್ಪು, ದಾವಣಗೆರೆ:
ಯಾವ ಉಪ್ಪು ಹಾಕಿದಿರಿ ಎಂಬುದನ್ನು ಬರೆದಿಲ್ಲ.