ಬೈಕ್ ಮಾರುವ ಮಾತು: ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ನಮ್ಮದು ಹಾಸನ. ನಮ್ಮನೆಯವರು ಹೈಸ್ಕೂಲು ಮೇಷ್ಟ್ರು. ಕಳೆದ ವರ್ಷ ಶಾಲೆ ಮುಗಿಸಿ ಬರುವಾಗ, ಅರಸೀಕೆರೆ ರಸ್ತೆಯಲ್ಲಿ ದುದ್ದ ಹತ್ತಿರ, ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರಿಗೆ ಅವರ ಬೈಕು ಗುದ್ದಿತು. ಮುಸ್ಸಂಜೆ ಹೊತ್ತು. ಟ್ರೈಲರಿನ ಹಿಂದೆ ಲೈಟೂ ಇರಲಿಲ್ಲ, ರೇಡಿಯಂ ಸ್ಟಿಕರೂ ಇರಲಿಲ್ಲ. ಬಲಗಾಲಿಗೆ ಮೊಣಕಾಲಿನ ಕೆಳಗೆ ರಾಡ್ ಹಾಕಿದರು, ಎಡಗೈ ಮಣಿಕಟ್ಟಿಗೆ ಪ್ಲೇಟ್. ಈಗ ಕೋಲು ಬಿಟ್ಟು ನಡೆಯುತ್ತಿದ್ದಾರೆ. ಮೊನ್ನೆ ರಾತ್ರಿ ಚಿಕ್ಕಮಾವ ಮನೆ ಗುಂಪಿಗೆ ಒಂದು ಸುದ್ದಿ ಹಾಕಿದರು. ಅಲ್ಲಿಂದ ಶುರುವಾದ ಮಾತು ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಇಂಥ ಮಾತು ಎಷ್ಟೋ ಮನೆಗಳಲ್ಲಿ ನಡೆಯುತ್ತಿರುತ್ತದೆ.

*ಚಿಕ್ಕಮಾವ:* (ಫಾರ್ವರ್ಡ್) ಬೆಂಗಳೂರಿನ ಹುಡುಗಿ, ಬೈಕ್ ರೇಸರ್ ಐಶ್ವರ್ಯಾ ಪಿಸ್ಸೆ. 2017ರಲ್ಲಿ ರೇಡ್ ಡಿ ಹಿಮಾಲಯ ರ್‍ಯಾಲಿಯಲ್ಲಿ ಬಿದ್ದು ಕಾಲರ್ ಬೋನ್ ಮುರಿಯಿತು, ಪ್ಲೇಟು ಸ್ಕ್ರೂ ಹಾಕಿದರು. 2018ರಲ್ಲಿ ಸ್ಪೇನ್ ದೇಶದ ರ್‍ಯಾಲಿಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ದೊಡ್ಡ ಪೆಟ್ಟಾಯಿತು. 2019ರಲ್ಲಿ ಬಾಹಾ (ಮಣ್ಣು, ಮರಳಿನ ದಾರಿಯ ರೇಸ್) ವಿಶ್ವಕಪ್ ಮಹಿಳಾ ವಿಭಾಗದಲ್ಲಿ ಚಾಂಪಿಯನ್! ಬಿದ್ದವರು ಏಳಲೇಬೇಕು!

*ಚಿಕ್ಕಮಾವ:* ಮಗಾ, ಇದನ್ನು ಪೂರ್ತಿ ಓದು. ನಿನಗೋಸ್ಕರವೇ ಹಾಕಿದ್ದು. ಮುಂದಿನ ತಿಂಗಳು ಊರಹಬ್ಬಕ್ಕೆ ನೀನು ಬೈಕಿನಲ್ಲೇ ಬರಬೇಕು. ಹೆದರಿಕೆ ಒಂದು ಸಲ ಒಳಗೆ ಕೂತರೆ ಮತ್ತೆ ಹೋಗುವುದಿಲ್ಲ.

*ಮೈದುನ:* ಸೂಪರ್ ಚಿಕ್ಕಪ್ಪ. ಅಣ್ಣನ ಬೈಕಿನ ಫೋರ್ಕ್ ಬದಲಾಯಿಸಿ ಆಗಿದೆ. ಗ್ಯಾರೇಜಿನವರು ತಗೊಂಡು ಹೋಗಿ ಎನ್ನುತ್ತಿದ್ದಾರೆ.

*ಮಾವ:* ತಗೊಂಡು ಹೋಗುವುದು ಬೇಡ. ಅಲ್ಲಿಂದಲೇ ಮಾರಿಬಿಡಿ. ಬಂದಷ್ಟು ಬರಲಿ.

*ಚಿಕ್ಕಮಾವ:* ಅಣ್ಣಾ, ಇದೇನು ಮಾತು. ಆ ಹುಡುಗಿಯ ಅಪ್ಪ ಅಮ್ಮ ಹೀಗೆ ಅಂದಿದ್ದರೆ ವಿಶ್ವಕಪ್ ಬರುತ್ತಿತ್ತಾ?

*ಮಾವ:* ನನ್ನ ಮಗ ವಿಶ್ವಕಪ್ಪಿಗೆ ಹೊರಟಿರಲಿಲ್ಲ. ಸ್ಕೂಲಿಂದ ಮನೆಗೆ ಬರುತ್ತಿದ್ದ.

*ಅತ್ತೆ:* (ಧ್ವನಿ ಸಂದೇಶ. ಕಿವಿ ಮಂದ ಇರುವವರಿಗಾಗಿ ಮೈದುನ ಬರೆದು ಹಾಕಿದ್ದು) ನಾನು ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದೇನೆ. ಅವನು ಇನ್ನು ಬೈಕ್ ಮುಟ್ಟುವುದಿಲ್ಲ. ನನ್ನ ಮೇಲೆ ಆಣೆ ಮಾಡಿ ಹೇಳಲಿ ಇಲ್ಲೇ, ಎಲ್ಲರ ಎದುರಿಗೆ.

*ಚಿಕ್ಕಮಾವ:* ಅತ್ತಿಗೆ, ಆಣೆ ಗೀಣೆ ಬೇಡ. ಗಂಡಸು ಅಂದ ಮೇಲೆ ಧೈರ್ಯ ಬೇಕು. ನಾನು ಎಷ್ಟು ಸಲ ಬಿದ್ದಿಲ್ಲ?

*ನಾದಿನಿ:* ಚಿಕ್ಕಪ್ಪ, ನೀವು ಬಿದ್ದದ್ದು ಮೊಪೆಡ್ಡಿನಿಂದ, ತೋಟದ ದಾರಿಯಲ್ಲಿ. ಮೊಣಕೈ ತರಚಿತ್ತು. ಅದಕ್ಕೂ ಇದಕ್ಕೂ ಹೋಲಿಸಬೇಡಿ. ನಾನು ದಿನಾ ಫಿಸಿಯೋಥೆರಪಿ ಮಾಡಿಸುವವಳು, ಹೇಳುತ್ತೇನೆ ಕೇಳಿ. ಬಲಗಾಲು ಅಂದರೆ ಹಿಂದಿನ ಬ್ರೇಕು. ಎಡಗೈ ಅಂದರೆ ಕ್ಲಚ್ಚು. ಅಣ್ಣನಿಗೆ ಪೆಟ್ಟಾಗಿರುವುದು ಸರಿಯಾಗಿ ಆ ಎರಡಕ್ಕೇ. ನಡೆಯಲು ಬಂತು ಅಂದ ಮಾತ್ರಕ್ಕೆ ಓಡಿಸಲು ಬರುತ್ತದೆ ಅಂತಲ್ಲ. ಪಾದ ಥಟ್ಟನೆ ಒತ್ತಬೇಕು, ಪೂರ್ತಿ ಬಲ ಹಾಕಿ ಒತ್ತಬೇಕು. ಸಿಗ್ನಲ್ಲಿನಲ್ಲಿ ಕ್ಲಚ್ ಹಿಡಿದು ನಿಲ್ಲಬೇಕು. ಬೈಕ್ ಬಲಕ್ಕೆ ವಾಲಿದರೆ ಅಷ್ಟೂ ಭಾರವನ್ನು ಆ ಕಾಲೇ ತಡೆಯಬೇಕು.

*ಮೈದುನ:* ಅಕ್ಕ, ಕಾಲಿನಲ್ಲಿ ಸ್ಟೀಲ್ ರಾಡ್ ಇದೆಯಲ್ಲ, ಮೊದಲಿಗಿಂತ ಗಟ್ಟಿ ಅಲ್ವಾ?

*ನಾದಿನಿ:* ಎಲ್ಲರೂ ಇದನ್ನೇ ಕೇಳುತ್ತಾರೆ. ಇಲ್ಲ. ರಾಡ್ ಇರುವುದು ಮೂಳೆ ಕೂಡುವವರೆಗೆ ಅದನ್ನು ನೇರವಾಗಿ ಹಿಡಿದುಕೊಳ್ಳಲು. ಭಾರ ಹೊರಬೇಕಾದ್ದು ಮೂಳೆಯೇ. ಕೂಡದೆ ಇದ್ದರೆ ಎಂಥ ರಾಡೂ ಒಂದಲ್ಲ ಒಂದು ದಿನ ಬಳಲಿ ಮುರಿಯುತ್ತದೆ. ಇನ್ನು ಎರಡನೇ ಸಲ ಜೋರಾಗಿ ಬಿದ್ದರೆ ರಾಡ್, ಪ್ಲೇಟ್ ಮುಗಿಯುವ ತುದಿಯಲ್ಲೇ ಹೊಸದಾಗಿ ಮುರಿಯಬಹುದು. ಗಟ್ಟಿ ಲೋಹ ಮುಗಿದು ಬರೀ ಮೂಳೆ ಶುರುವಾಗುವ ಜಾಗ ಅದು. ಅಂಥದ್ದನ್ನು ಸರಿ ಮಾಡುವುದು ಮೊದಲನೆಯದಕ್ಕಿಂತ ಕಷ್ಟ.

*ಮಾವ:* ನೋಡಿದೆಯಾ ತಮ್ಮ. ಡಾಕ್ಟರ ಕೈಕೆಳಗೆ ಕೆಲಸ ಮಾಡುವ ಹುಡುಗಿ ಹೇಳುತ್ತಿದ್ದಾಳೆ. ಮಾರಿಬಿಡಿ.

*ನಾದಿನಿ:* ಅಪ್ಪ, ನಾನು ಮಾರಿ ಎಂದು ಹೇಳಲಿಲ್ಲ. ಈಗಲೇ ಬೇಡ ಎಂದೆ, ಅಷ್ಟೇ.

*ಮೈದುನ:* ನನಗೂ ಒಂದು ಮಾತು ಇದೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸರ್ಕಾರದ ವರದಿಯಲ್ಲೇ ಇದೆ. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರೇ 50,029. ಅಣ್ಣ ಹೆಲ್ಮೆಟ್ ಹಾಕಿದ್ದ, ಅದರ ಬೆಲ್ಟೂ ಬಿಗಿದಿದ್ದ, ಅದಕ್ಕೇ ಉಳಿದ. ಅಂದರೆ ಸರಿಯಾಗಿ ಓಡಿಸುವವನಿಗೆ ಅಪಾಯ ಕಡಿಮೆ.

*ಮಾವ:* ಸರಿಯಾಗಿ ಓಡಿಸುವವನಿಗೇ ತಾನೇ ಹೀಗಾಗಿದ್ದು? ಲೈಟಿಲ್ಲದ ಟ್ರೈಲರ್ ಇನ್ನೂ ಅದೇ ರಸ್ತೆಯಲ್ಲಿ ಓಡಾಡುತ್ತಿದೆ. ಇವನ ಹೆಲ್ಮೆಟ್ ಅದಕ್ಕೆ ಲೈಟ್ ಹಾಕುತ್ತದಾ?

*ಅತ್ತೆ:* (ಧ್ವನಿ ಸಂದೇಶ) ಆಣೆ ಮಾಡಲಿ.

*ಚಿಕ್ಕಮಾವ:* ಸೊಸೆ ಎಲ್ಲಾ ಓದುತ್ತಿದ್ದಾಳೆ, ನೀಲಿ ಟಿಕ್ ಬಂದಿದೆ. ಒಂದು ಮಾತೂ ಆಡುತ್ತಿಲ್ಲ. ನೀನೇ ಹೇಳಮ್ಮ. ಗಂಡನಿಗೆ ಧೈರ್ಯ ತುಂಬಬೇಕಾದವಳು ನೀನು.

*ನಾನು:* ಹೇಳುತ್ತೇನೆ ಚಿಕ್ಕಮಾವ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಐಶ್ವರ್ಯಾ ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಮೋಟರ್ ಸ್ಪೋರ್ಟ್ಸ್‌ನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರು. ಆದರೆ ಅದು ಅವರ ವೃತ್ತಿ. ಅದಕ್ಕೆಂದೇ ತರಬೇತಿ, ಅದಕ್ಕೆಂದೇ ತಂಡ. ನೀವು ಕಳಿಸಿದ ಸುದ್ದಿಯ ಪಕ್ಕದಲ್ಲೇ ಇನ್ನೊಂದನ್ನೂ ಇಟ್ಟು ನೋಡಿ. ಸಿ.ಎಸ್. ಸಂತೋಷ್ ಕೂಡ ಬೆಂಗಳೂರಿನವರೇ. ಮರಳುಗಾಡು, ಕಲ್ಲುದಾರಿಯಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ್‍ಯಾಲಿಗೆ ಇಳಿದ ಮೊದಲ ಭಾರತೀಯ, 2015ರಲ್ಲಿ. ಅಂಥವರೇ 2021ರ ಜನವರಿಯಲ್ಲಿ ಸೌದಿಯ ಮರಳುಗಾಡಿನಲ್ಲಿ ಬಿದ್ದರು. ತಲೆಗೆ ಪೆಟ್ಟು. ಹೆಲಿಕಾಪ್ಟರಿನಲ್ಲಿ ರಿಯಾದಿನ ಆಸ್ಪತ್ರೆಗೆ ಸಾಗಿಸಿದರು, ಔಷಧಿ ಕೊಟ್ಟು ಕೋಮಾದಲ್ಲಿ ಇಟ್ಟು ಉಳಿಸಿಕೊಂಡರು. ಅವರಿಗೆ ಧೈರ್ಯ ಕಡಿಮೆ ಇತ್ತಾ? ಏಳುವುದು ಬೀಳುವುದು ಧೈರ್ಯದ ಲೆಕ್ಕದಲ್ಲಿ ನಡೆಯುವುದಿಲ್ಲ.

ನಮ್ಮ ಕಡೆ ಹೆಲಿಕಾಪ್ಟರ್ ಇಲ್ಲ. 108 ಬರುವ ಮೊದಲು ಇವರನ್ನು ರಸ್ತೆಯಿಂದ ಪಕ್ಕಕ್ಕೆ ಸರಿಸಿದ್ದು ಹಾಲಿನ ಡೇರಿಯಿಂದ ಬರುತ್ತಿದ್ದ ಇಬ್ಬರು ಹುಡುಗರು. ಅದಕ್ಕೂ ಮೊದಲು ಎರಡು ಕಾರು ನಿಧಾನ ಮಾಡಿ ಹೋದವಂತೆ. ಪೊಲೀಸ್ ಕೇಸಿನ ಭಯ. ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಎಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲೇ 134ಎ ಕಲಂ ಸೇರಿಸಿದ್ದಾರೆ. ಹೆಸರು ಹೇಳಲೇಬೇಕು ಎಂದೂ ಇಲ್ಲ. ಈ ಗುಂಪಿನಲ್ಲಿ ಒಂದು ಸುದ್ದಿ ಊರೆಲ್ಲಾ ಹರಡುವ ಹಾಗಿದ್ದರೆ ಇದನ್ನು ಹರಡಿ.

ಈಗ ಮುಖ್ಯ ಮಾತು. ಬೈಕ್ ಹತ್ತಿದ ದಿನ ಇವರು ಗುಣವಾದರು ಎಂದು ಲೆಕ್ಕ ಹಾಕಬೇಡಿ. ಇವರು ಗುಣವಾಗಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಮೊದಲು ಮಗ್ಗುಲು ಬದಲಿಸಲು ಬಂತು. ಆಮೇಲೆ ವಾಕರ್ ಹಿಡಿದು, ಬಲಗಾಲು ನೆಲಕ್ಕೆ ತಾಗಿಸದೆ, ಬಚ್ಚಲವರೆಗೆ ಹೋದರು. ಕಾಲಿಗೆ ಅರ್ಧ ಭಾರ ಹಾಕಬಹುದು ಎಂದು ಡಾಕ್ಟರು ಹೇಳಿದ ದಿನ ತೂಕದ ಮೆಷೀನಿನ ಮೇಲೆ ಒಂದು ಕಾಲಿಟ್ಟು ಅರ್ಧ ಅಂದರೆ ಎಷ್ಟು ಎಂದು ಕಲಿತರು. ಮೊಣಕಾಲು ಬಗ್ಗಿಸುವಾಗ ಟವೆಲ್ ಕಚ್ಚಿಕೊಳ್ಳುತ್ತಿದ್ದರು. ಮುಷ್ಟಿ ಬಿಗಿಯಾಗಲಿ ಎಂದು ಸ್ಪಂಜಿನ ಚೆಂಡು ಹಿಸುಕುತ್ತಾ ಪಾಠ ಓದಿಕೊಂಡರು. ಪಂಚೆ ತಾವೇ ಉಟ್ಟುಕೊಂಡರು. ಶಾಲೆಯ ಮೆಟ್ಟಿಲು ಹತ್ತಿ ಮತ್ತೆ ಬೋರ್ಡಿನ ಮುಂದೆ ನಿಂತರು. ಇಷ್ಟೆಲ್ಲಾ ಆದ ಮೇಲೂ ಇನ್ನೂ ಎದ್ದಿಲ್ಲ, ಎದ್ದು ತೋರಿಸು ಎಂದರೆ ಇವರಿಗೆ ಹೇಗಾಗಬೇಡ? ನನಗಂತೂ ತುಂಬಾ ನೋವಾಯಿತು ಚಿಕ್ಕಮಾವ.

ಅತ್ತೆ, ನಿಮಗೂ ಒಂದು ಮಾತು. ನಿಮ್ಮ ಸಂಕಟ ನನಗೆ ಗೊತ್ತು. ಐಸಿಯು ಬಾಗಿಲಲ್ಲಿ ನಾವಿಬ್ಬರೂ ಒಟ್ಟಿಗೇ ಕೂತಿದ್ದೆವು. ಆದರೆ ಆಣೆ ಹಾಕಿಸಬೇಡಿ. ಒಂದು ದಿನ ಯಾವುದೋ ಅವಸರಕ್ಕೆ ಗಾಡಿ ಹತ್ತಬೇಕಾಗಿ ಬಂದರೆ, ರಸ್ತೆಯ ಭಯದ ಜೊತೆ ಅಮ್ಮನ ಆಣೆ ಮುರಿದೆ ಎಂಬ ಭಯವನ್ನೂ ಹೊತ್ತು ಓಡಿಸಬೇಕಾಗುತ್ತದೆ. ಹರಕೆ ನಾವು ತೀರಿಸೋಣ. ಎಲ್ಲರೂ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರೋಣ.

ಮಾವ, ದುಡ್ಡಿನ ಬಗ್ಗೆ ನೀವು ಹೇಳುವುದು ಸರಿ. ಬೈಕಿನ ಇನ್ಶೂರೆನ್ಸಿನಲ್ಲಿ 15 ಲಕ್ಷ ಇದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅದು ಓಡಿಸುವ ಮಾಲೀಕ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಮಾತ್ರ. ಆಸ್ಪತ್ರೆ ಬಿಲ್ಲಿಗೆ ಅಲ್ಲ. ನಿಮ್ಮ ಎಫ್‌ಡಿ ಮುರಿದದ್ದನ್ನು ನಾವಿಬ್ಬರೂ ಮರೆತಿಲ್ಲ. ಆದರೂ ಬೈಕ್ ಮಾರುವುದನ್ನು ಇವರನ್ನು ಕೇಳದೆ ಮಾಡಬೇಡಿ. ಇಷ್ಟು ದಿನ ಇವರು ಏಳುವುದು, ಕೂರುವುದು, ಮಲಗುವುದು ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿದ್ದೇವೆ. ಇದನ್ನಾದರೂ ಇವರೇ ಹೇಳಲಿ.

*ನಾದಿನಿ:* ಅತ್ತಿಗೆ, ನಾನು ಹೇಳಬೇಕಾದ್ದನ್ನೆಲ್ಲ ನೀವು ಹೇಳಿದಿರಿ.

*ಚಿಕ್ಕಮಾವ:* ಈ ಸಂದೇಶವನ್ನು ಅಳಿಸಲಾಗಿದೆ

*ಚಿಕ್ಕಮಾವ:* ಅಮ್ಮಾ, ನೋಯಿಸಬೇಕು ಎಂದು ಹಾಕಿದ್ದಲ್ಲ. ಅವನು ಮಂಕಾಗಿ ಕೂರುವುದನ್ನು ನೋಡಲು ಆಗುತ್ತಿರಲಿಲ್ಲ. ಆದರೂ ಒಂದು ಕೇಳುತ್ತೇನೆ. ಹೆದರಿಕೆ ಹೋಗುವುದು ಹೇಗೆ ಮತ್ತೆ? ಮುಂದೆ ಮುಂದೆ ಹಾಕಿದರೆ ಜಾಸ್ತಿಯಾಗುವುದಿಲ್ಲವಾ?

*ನಮ್ಮನೆಯವರು:* ಚಿಕ್ಕಪ್ಪ, ಅದಕ್ಕೆ ನಾನೇ ಉತ್ತರ ಹೇಳುತ್ತೇನೆ.

ತಮ್ಮನ ಸ್ಕೂಟರಿನಲ್ಲಿ ಹಿಂದೆ ಕೂತು ಶಾಲೆಗೆ ಹೋಗುತ್ತೇನಲ್ಲ, ಎದುರಿಗೆ ಟ್ರ್ಯಾಕ್ಟರ್ ಕಂಡರೆ ಬಲಗಾಲು ತಾನಾಗಿ ಕೆಳಗೆ ಒತ್ತುತ್ತದೆ. ಅಲ್ಲಿ ಬ್ರೇಕೇ ಇಲ್ಲ. ರಾತ್ರಿ ನಿದ್ದೆಯಲ್ಲೂ ಒತ್ತುತ್ತೇನಂತೆ, ಇವಳು ಹೇಳುತ್ತಾಳೆ. ಈ ಸ್ಥಿತಿಯಲ್ಲಿ ಓಡಿಸಿದರೆ ಏನಾಗುತ್ತದೆ ಗೊತ್ತಾ? ಹೆದರಿದವನ ಕಣ್ಣು ಹೆದರಿಕೆಯ ಮೇಲೇ ನೆಟ್ಟಿರುತ್ತದೆ. ಬೈಕು ಕಣ್ಣು ಹೋದ ಕಡೆಗೇ ಹೋಗುತ್ತದೆ. ಗುಂಡಿಯನ್ನೇ ನೋಡುತ್ತಿದ್ದರೆ ಗುಂಡಿಗೇ ಇಳಿಸುತ್ತೇವೆ. ಬ್ರೇಕನ್ನು ಗಾಬರಿಯಲ್ಲಿ ತುಳಿದರೆ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತದೆ. ನನ್ನದು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆ ಗಾಡಿ. 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ನನ್ನದು ಅದಕ್ಕಿಂತ ಮೊದಲಿನದು.

ಹಾಗಂತ ಇನ್ನು ಯಾವತ್ತೂ ಬೇಡ ಎಂದು ಹೇಳಲೂ ನನಗೆ ಮನಸ್ಸಿಲ್ಲ ಅಪ್ಪ. ಬೆಳಿಗ್ಗೆ ತೋಟಕ್ಕೆ ಹೋಗಿ ನೀರು ಬಿಟ್ಟು ಶಾಲೆಗೆ ಹೋಗುತ್ತಿದ್ದೆ. ಅಲ್ಲಿಗೆ ಬಸ್ಸಿಲ್ಲ. ಬೇರೆಯವರನ್ನು ಕಾಯುತ್ತಾ ಕೂತರೆ ಆ ಕೆಲಸ ನಿಂತೇ ಹೋಗುತ್ತದೆ. ಇನ್ನೂ ಒಂದು ಇದೆ. ನನಗೆ ಗಾಡಿ ಓಡಿಸುವುದು ಇಷ್ಟ. ಇಷ್ಟು ಪೆಟ್ಟು ತಿಂದ ಮೇಲೂ ಇಷ್ಟ. ಸುಳ್ಳು ಹೇಳಲಾರೆ.

*ಅತ್ತೆ:* (ಧ್ವನಿ ಸಂದೇಶ) ಸರಿ. ಆಣೆ ಬೇಡ. ಆದರೆ ರಾತ್ರಿ ಹೊತ್ತು ಬೇಡ ಮಗಾ. ಅಷ್ಟಾದರೂ ಮಾತು ಕೊಡು.

*ನಮ್ಮನೆಯವರು:* ಕೊಟ್ಟೆ ಅಮ್ಮ. ಕತ್ತಲಾದ ಮೇಲೆ ಓಡಿಸುವುದಿಲ್ಲ. ಅರಸೀಕೆರೆ ರಸ್ತೆಗೂ ಬೈಕ್ ತರುವುದಿಲ್ಲ, ಶಾಲೆಗೆ ಬಸ್ಸಿನಲ್ಲೇ ಹೋಗುತ್ತೇನೆ.

*ಮಾವ:* ಮುಂದಿನ ಎಕ್ಸ್‌ರೇ ಆಗಲಿ. ಮೂಳೆ ಪೂರ್ತಿ ಕೂಡಿದೆ ಎಂದು ಡಾಕ್ಟರು ಬರೆದುಕೊಡಲಿ. ಅಲ್ಲಿಯವರೆಗೆ ಗಾಡಿ ನಮ್ಮ ಕೊಟ್ಟಿಗೆಯಲ್ಲಿ ಇರುತ್ತದೆ, ಕೀಲಿ ನನ್ನ ಹತ್ತಿರ. ಮಾರುವುದಿಲ್ಲ.

*ನಾದಿನಿ:* ಎಕ್ಸ್‌ರೇ ಒಂದೇ ಸಾಲದು ಅಪ್ಪ. ನಾನು ಮೈಸೂರಿನಿಂದ ಬಂದಾಗ ಕೈ ಹಿಡಿತ, ಪಾದದ ಬಲ ಎರಡನ್ನೂ ನೋಡುತ್ತೇನೆ. ಒಂಟಿ ಕಾಲಿನಲ್ಲಿ ನಿಲ್ಲಿಸುತ್ತೇನೆ. ಆಮೇಲೆ ಇಂಜಿನ್ ಆಫ್ ಮಾಡಿ ಸ್ಟ್ಯಾಂಡ್ ತೆಗೆದು ಹತ್ತುವುದು ಇಳಿಯುವುದು. ಆಮೇಲೆ ಮೈದಾನ. ರಸ್ತೆ ಎಲ್ಲಕ್ಕಿಂತ ಕೊನೆಗೆ. ಅಣ್ಣ, ಆ ನಿದ್ದೆಯ ವಿಷಯಕ್ಕೂ ಒಬ್ಬರನ್ನು ಕಾಣಬೇಕು. ಅಪಘಾತ ಆದವರಲ್ಲಿ ಇದು ಸಾಮಾನ್ಯ, ಅದಕ್ಕೆ ಚಿಕಿತ್ಸೆ ಇದೆ. ಮೂಳೆ ಡಾಕ್ಟರು ಅದನ್ನು ಕೇಳುವುದೇ ಇಲ್ಲ, ನಾವೇ ಹೇಳಬೇಕು.

*ನಮ್ಮನೆಯವರು:* ಆಯಿತು. ನೀನೇ ಒಬ್ಬರನ್ನು ವಿಚಾರಿಸು.

*ಚಿಕ್ಕಮಾವ:* ಮೈದಾನಕ್ಕೆ ನಾನೂ ಬರುತ್ತೇನೆ. ಸುಮ್ನೆ ನಿಂತಿರುತ್ತೇನೆ, ಏನೂ ಹೇಳುವುದಿಲ್ಲ. ಊರಹಬ್ಬಕ್ಕೆ ಎಲ್ಲರೂ ನನ್ನ ಕಾರಿನಲ್ಲೇ ಬನ್ನಿ.

*ಮೈದುನ:* ಅತ್ತಿಗೆ, ಅಣ್ಣನ ಹೆಲ್ಮೆಟ್ ಗ್ಯಾರೇಜಿನಲ್ಲೇ ಇದೆ. ಮೇಲೆ ಒಂದು ಗೀರು ಬಿಟ್ಟರೆ ಚೆನ್ನಾಗೇ ಇದೆ. ಗ್ಯಾರೇಜಿನ ಹುಡುಗ ಕೇಳುತ್ತಿದ್ದಾನೆ. ಕೊಟ್ಟುಬಿಡಲಾ?

*ನಾನು:* ಬೇಡಪ್ಪ, ಯಾರಿಗೂ ಕೊಡಬೇಡ. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಅಮುಕಿ ಹೋಗಿರುತ್ತದೆ. ಹೊರಗೆ ಕಾಣುವುದಿಲ್ಲ. ಇನ್ನೊಂದು ಸಲ ಅದು ತಲೆ ಕಾಯುವುದಿಲ್ಲ. ಪಟ್ಟಿ ಕತ್ತರಿಸಿ ಬಿಸಾಡು. ಆ ಹುಡುಗನಿಗೆ ಐಎಸ್‌ಐ ಗುರುತಿನ ಹೊಸದೊಂದು ಕೊಡಿಸೋಣ. ದುಡ್ಡು ನಾನು ಕಳಿಸುತ್ತೇನೆ, ನಾಳೆಯೇ ತಗೋ.