ಅಪ್‌ಡೇಟ್: ಸಬ್‌ವೂಫರ್ ಈಗ ನಡುವೆ ನಿಲ್ಲುತ್ತಿಲ್ಲ

ಧ್ವನಿ ಏರಿಸಿದೊಡನೆ ಕಾರಿನ ಆಂಪ್ಲಿಫೈಯರ್‌ನಲ್ಲಿ ಪ್ರೊಟೆಕ್ಟ್ ದೀಪ (ಅಪಾಯ ಕಂಡು ಆಂಪ್ಲಿಫೈಯರ್ ತಾನೇ ನಿಂತದ್ದರ ಸೂಚನೆ) ಹೊತ್ತಿ ಸಬ್‌ವೂಫರ್ (ತಗ್ಗು ದನಿಯ ಸ್ಪೀಕರ್) ನಿಂತುಹೋಗುತ್ತದೆ ಎಂದು ಕಳೆದ ವಾರ ಕೇಳಿದ್ದೆ. ಆ ತೊಂದರೆ ಈಗ ಪೂರ್ತಿ ನೀಗಿದೆ. ಅರ್ತಿಂಗ್ ತಂತಿಯ ಬುಡದ ಬಣ್ಣ ಕೆರೆದು ಬಿಗಿದದ್ದರಿಂದ ಏನೂ ಬದಲಾಗಲಿಲ್ಲ. ಗೇನ್ (ಆಂಪ್ಲಿಫೈಯರ್ ಸಿಗ್ನಲನ್ನು ಹಿಗ್ಗಿಸುವ ಮಟ್ಟ) ತಗ್ಗಿಸಿದಾಗ ದೀಪ ತುಸು ತಡವಾಗಿ ಹೊತ್ತಿತು, ಅಷ್ಟೇ. ಸಬ್‌ವೂಫರ್ ಒಳಗಿನ ಕಾಯಿಲ್‌ಗಳ (ತಂತಿ ಸುರುಳಿಗಳ) ಜೋಡಣೆ ನೋಡಿ ಎಂದವರ ಮಾತೇ ನಿಜವಾಯಿತು, ಅವರಿಗೆ ಮನಸಾರೆ ಧನ್ಯವಾದ. ತಲಾ 2 ಓಮ್‌ನ ಎರಡು ಕಾಯಿಲ್‌ಗಳನ್ನು ಪ್ಯಾರಲಲ್ ಆಗಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿದ್ದರಿಂದ ಒಟ್ಟು 1 ಓಮ್ ಆಗಿತ್ತು, ಆದರೆ ನನ್ನ ಆಂಪ್ಲಿಫೈಯರ್‌ಗೆ ಕನಿಷ್ಠ 2 ಓಮ್ ಬೇಕು, ಅದಕ್ಕಿಂತ ಕಡಿಮೆಯಾದರೆ ಹೆಚ್ಚು ಕರೆಂಟ್ ಹರಿದು ನಿಂತುಬಿಡುತ್ತದೆ. ಒಂದು ಕಾಯಿಲ್‌ನ ಮೈನಸ್ಸನ್ನು ಇನ್ನೊಂದರ ಪ್ಲಸ್ಸಿಗೆ ಗೇಣುದ್ದದ ತಂತಿಯಿಂದ ಸೇರಿಸಿ, ಉಳಿದೆರಡು ತುದಿಗಳನ್ನು ಆಂಪ್ಲಿಫೈಯರ್‌ಗೆ ಕೊಟ್ಟು ಸೀರೀಸ್ ಮಾಡಿದಾಗ 4 ಓಮ್ ಆಯಿತು. ಮಲ್ಟಿಮೀಟರ್ 3.5 ಎಂದು ತೋರಿಸಿದಾಗ ಗಾಬರಿಯಾಗಿತ್ತು. ಅದು ಡಿಸಿ ರೋಧವನ್ನಷ್ಟೇ ಅಳೆಯುವುದರಿಂದ ನಮೂದಿಸಿದ ಇಂಪೀಡೆನ್ಸ್‌ಗಿಂತ (ಹಾಡಿನಂಥ ಎಸಿ ಸಿಗ್ನಲ್‌ಗೆ ಒಡ್ಡುವ ಒಟ್ಟು ತಡೆಗಿಂತ) ಕಡಿಮೆ ಬರುವುದು ಸಹಜ ಎಂದು ಆಮೇಲೆ ತಿಳಿಯಿತು. ನಿನ್ನೆ ಎರಡು ಗಂಟೆ ಎಡೆಬಿಡದೆ ಹಾಡು ಹಾಕಿದರೂ ದೀಪ ಹೊತ್ತಲಿಲ್ಲ.